ಕವಿತೆ ಓದಿದವರು ಬರೆದಿಟ್ಟದ್ದು

1662ರ ಡಿಸೆಂಬರ್ 26ರಂದು ಲಂಡನ್ನಿನ ನೌಕಾ ಮಂಡಳಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ಹೊಸ ಕಾವ್ಯವೊಂದನ್ನು ಎರಡೂವರೆ ಶಿಲಿಂಗ್ ಕೊಟ್ಟು ಕೊಂಡ. ಸ್ಯಾಮ್ಯುಯೆಲ್ ಬಟ್ಲರ್ ಬರೆದ ‘ಹ್ಯೂಡಿಬ್ರಾಸ್’ ಅದು. ಮತನಿಷ್ಠ ಪ್ಯೂರಿಟನ್ನರನ್ನು ಗೇಲಿ ಮಾಡುವ ಆ ಕಥನಕಾವ್ಯ ಆಗ ಊರೆಲ್ಲರ ಬಾಯಲ್ಲಿತ್ತು. ಓದಿ ನೋಡಿದರೆ ಪೀಪ್ಸನಿಗೆ ಅದು ಬರೀ ಹುಚ್ಚಾಟ ಅನ್ನಿಸಿತು. ಅದೇ ದಿನ ಊಟದ ಹೊತ್ತಿಗೆ ಪರಿಚಿತನೊಬ್ಬನಿಗೆ 18 ಪೆನ್ನಿಗೆ ಮಾರಿಬಿಟ್ಟ. 30 ಪೆನ್ನಿಯ ಪುಸ್ತಕ, 12 ಪೆನ್ನಿ ನಷ್ಟ. ಆದರೆ ಆರು ವಾರ ಕಳೆಯುವಷ್ಟರಲ್ಲಿ ಮನಸ್ಸು ತಡೆಯಲಿಲ್ಲ. ಇಷ್ಟು ಜನ ಹೊಗಳುತ್ತಿದ್ದಾರೆ, ತನಗೆ ಕಾಣದ್ದು ಅವರಿಗೇನು ಕಂಡಿತು ಎಂದು 1663ರ ಫೆಬ್ರವರಿ 6ರಂದು ಅದೇ ಪುಸ್ತಕವನ್ನು ಮತ್ತೆ ಕೊಂಡುತಂದ. ವರ್ಷದ ಕೊನೆಗೆ ಎರಡನೆಯ ಭಾಗ ಬಂದಾಗಲೂ ಕುತೂಹಲ ಬಿಡಲಿಲ್ಲ. ಆ ಹಾಸ್ಯ ಎಲ್ಲಿದೆಯೆಂಬುದು ಮಾತ್ರ ಅವನಿಗೆ ಕೊನೆಗೂ ಹೊಳೆಯಲಿಲ್ಲ.

ಇದೆಲ್ಲ ನಮಗೆ ತಿಳಿದಿರುವುದು ಪೀಪ್ಸ್ 1660ರಿಂದ 1669ರವರೆಗೆ ಶೀಘ್ರಲಿಪಿಯಲ್ಲಿ ಬರೆದಿಟ್ಟ ದಿನಚರಿಯಿಂದ. ಅದು ಅಚ್ಚಾಗಿ ಹೊರಬಂದದ್ದು 1825ರಲ್ಲಿ, ಅವನು ತೀರಿಕೊಂಡು ಶತಮಾನ ಕಳೆದ ಮೇಲೆ. ‘ಹ್ಯೂಡಿಬ್ರಾಸ್’ ತನ್ನ ಕಾಲದ ಬಹು ಜನಪ್ರಿಯ ಕಾವ್ಯ ಎಂದು ಸಾಹಿತ್ಯ ಚರಿತ್ರೆ ಹೇಳುತ್ತದೆ, ಅದು ನಿಜವೇ. ಆದರೆ ಜನಪ್ರಿಯ ಎಂಬ ಒಂದು ಮಾತಿನೊಳಗೆ ಎಂಥೆಂಥ ಓದುಗರು ಅಡಗಿರುತ್ತಾರೆ! ಮೆಚ್ಚಿದವರ ಜೊತೆಗೆ, ಮೆಚ್ಚಲಾಗದೆ ಚಡಪಡಿಸಿದವರೂ ದುಡ್ಡು ಕೊಟ್ಟಿರುತ್ತಾರೆ. ಮಾರಾಟದ ಲೆಕ್ಕದಲ್ಲಿ ಇಬ್ಬರೂ ಒಂದೇ. ವ್ಯತ್ಯಾಸ ಗೊತ್ತಾಗಬೇಕಾದರೆ ಓದುಗನ ಡೈರಿಯನ್ನೇ ತೆರೆಯಬೇಕು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೂ ಕವಿತೆ ಓದುವುದು, ಕವಿಗೆ ಕಾಗದ ಬರೆಯುವುದು ದುಬಾರಿ ವ್ಯವಹಾರಗಳಾಗಿದ್ದವು. 1812ರಲ್ಲಿ ಬಂದ ಬೈರನ್ನನ ‘ಚೈಲ್ಡ್ ಹೆರಾಲ್ಡ್’ ಕಾವ್ಯದ ಮೊದಲ ಮುದ್ರಣದ ಬೆಲೆ 30 ಶಿಲಿಂಗ್. ಕೂಲಿಯವರು ಮುಟ್ಟಲಾಗದ ಮೊತ್ತ. ಹಾಗಾಗಿ ಜನ ಎರವಲು ತಂದು ಓದುತ್ತಿದ್ದರು, ಮೆಚ್ಚಿದ ಭಾಗಗಳನ್ನು ಖಾಲಿ ಪುಸ್ತಕದಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು. ನಮ್ಮ ಅಜ್ಜಿಯಂದಿರು ದೇವರನಾಮ, ಸಂಪ್ರದಾಯದ ಹಾಡುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದ ಹಾಡಿನ ಪುಸ್ತಕದಂಥದೇ ಅದು. ಇನ್ನು ಟಪಾಲು. 1840ರಲ್ಲಿ ಒಂದು ಪೆನ್ನಿಯ ಅಂಚೆ ಬರುವ ತನಕ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಕಾಗದದ ಖರ್ಚನ್ನು ಕೊಡುತ್ತಿದ್ದವರು ಬರೆದವರಲ್ಲ, ಪಡೆದವರು. ಹಾಳೆ ಹೆಚ್ಚಾದಷ್ಟೂ ದರ ಹೆಚ್ಚು. ಹಾಳೆ ಉಳಿಸಲೆಂದು ಒಮ್ಮೆ ಬರೆದ ಸಾಲುಗಳ ಮೇಲೆಯೇ ಕಾಗದವನ್ನು ಅಡ್ಡ ತಿರುಗಿಸಿ ಮತ್ತೆ ಬರೆಯುವ ರೂಢಿಯೂ ಇತ್ತು. ಗುರುತು ಪರಿಚಯವಿಲ್ಲದ ಕವಿಗೆ ಕಾಗದ ಹಾಕುವುದೆಂದರೆ ಅವನ ಜೇಬಿಗೂ ಕೈಹಾಕಿದಂತೆ. ಅಷ್ಟಾಗಿಯೂ ಜನ ಬರೆದರು.

ಹಾಗೆ ಬರೆದವರಲ್ಲಿ 17 ವರ್ಷದ ಇಬ್ಬರು ಹುಡುಗರ ಕಥೆ ಬಹಳ ಸೊಗಸಾದದ್ದು. ಇಬ್ಬರೂ 1785ರಲ್ಲಿ ಹುಟ್ಟಿದವರು, ಇಬ್ಬರೂ ಬರೆದದ್ದು ವಿಲಿಯಂ ವರ್ಡ್ಸ್‌ವರ್ತನಿಗೆ, ಇಬ್ಬರ ತಲೆ ಕೆಡಿಸಿದ್ದೂ ‘ಲಿರಿಕಲ್ ಬ್ಯಾಲಡ್ಸ್’ ಎಂಬ ಒಂದೇ ಸಂಕಲನ.

ಮೊದಲನೆಯವನು ಗ್ಲಾಸ್ಗೋದ ವಿದ್ಯಾರ್ಥಿ ಜಾನ್ ವಿಲ್ಸನ್. 1802ರ ಮೇ ತಿಂಗಳಲ್ಲಿ ಅವನು ಬರೆದ ಪತ್ರ ಹೊಗಳಿಕೆಯಿಂದ ತುಂಬಿತ್ತು. ಆದರೆ ಒಂದು ತಕರಾರೂ ಇತ್ತು. ಬುದ್ಧಿ ಬೆಳೆಯದ ಹುಡುಗ ಮತ್ತು ಅವನ ತಾಯಿಯ ಕುರಿತ ‘ದಿ ಈಡಿಯಟ್ ಬಾಯ್’ ಕವನ ತನಗೆ ಹಿಡಿಸಲಿಲ್ಲ, ಆ ತಾಯಿಯ ಭಾವನೆಗಳೊಂದಿಗೆ ಓದುಗರ ಮನಸ್ಸು ಬೆರೆಯುವುದಿಲ್ಲ ಎಂದು ಹುಡುಗ ನೇರವಾಗಿ ಹೇಳಿದ. ವರ್ಡ್ಸ್‌ವರ್ತ್ ಪತ್ರ ಬರೆಯಲು ಬೇಸರಪಡುವ ಮನುಷ್ಯ; ಅದನ್ನು ತಾನೇ ಒಪ್ಪಿಕೊಂಡಿದ್ದ. ಆದರೂ ಈ ಹುಡುಗನಿಗೆ ಉದ್ದವಾದ ಉತ್ತರ ಬರೆದ. ಓದುಗರು ಅಂದರೆ ಯಾರು ಎಂದು ಅವನು ತಿರುಗಿ ಕೇಳಿದ. ಅರ್ಧ ಗಿನಿ ಬೆಲೆಯ, ನಯವಾದ ಕಾಗದದ ಪುಸ್ತಕ ಕೊಳ್ಳಬಲ್ಲವರನ್ನೇ ಲೋಕವೆಂದು ತಿಳಿಯುವುದು ತಪ್ಪು ಎಂದ. ಬಡವರ ಮನೆಗಳಲ್ಲಿ ಇಂಥ ಮಕ್ಕಳನ್ನು ಹೊರಗೆಲ್ಲೋ ಬಿಟ್ಟುಬರುವುದಿಲ್ಲ, ಮನೆಯಲ್ಲೇ ಇಟ್ಟುಕೊಂಡು ಸಾಕುತ್ತಾರೆ, ಆ ತಂದೆತಾಯಿಯರ ನಡತೆಯಲ್ಲಿ ಮನುಷ್ಯಹೃದಯದ ದೊಡ್ಡ ಗೆಲುವನ್ನು ತಾನು ಕಂಡಿದ್ದೇನೆ ಎಂದು ವಿವರಿಸಿದ. ಜನರಿಗೆ ಈಗಾಗಲೇ ಇರುವ ಭಾವನೆಗಳನ್ನು ಕನ್ನಡಿಯಂತೆ ತೋರಿಸಿದರೆ ಸಾಲದು, ಅವನ್ನು ತಿದ್ದುವುದೂ ಕವಿಯ ಕೆಲಸ ಎಂಬ ವಿಚಾರ ಬಂದದ್ದು ಆ ಪತ್ರದಲ್ಲಿಯೇ. ವರ್ಡ್ಸ್‌ವರ್ತನ ಕಾವ್ಯವಿಚಾರವನ್ನು ಅಭ್ಯಾಸ ಮಾಡುವವರು ಇಂದಿಗೂ ಅದನ್ನು ಓದುತ್ತಾರೆ. ಒಬ್ಬ ಕಾಲೇಜು ಹುಡುಗ ಒಪ್ಪದೆ ಹೋದದ್ದರಿಂದ ಅದು ಹುಟ್ಟಿತು ಎಂಬುದನ್ನು ಮರೆಯಬಾರದು.

ಎರಡನೆಯವನು ಥಾಮಸ್ ಡಿ ಕ್ವಿನ್ಸಿ. ಮುಂದೆ ಅಫೀಮಿನ ವ್ಯಸನದ ಬಗ್ಗೆ ಪುಸ್ತಕ ಬರೆದು ಹೆಸರಾದವನು. ಹದಿಹರೆಯದಲ್ಲಿ ಅವನು ಮ್ಯಾಂಚೆಸ್ಟರಿನ ಶಾಲೆಯಿಂದ ಓಡಿಹೋದಾಗ ಒಂದು ಜೇಬಿನಲ್ಲಿ ಯೂರಿಪಿಡೀಸನ ನಾಟಕಗಳು, ಇನ್ನೊಂದರಲ್ಲಿ ಮೆಚ್ಚಿನ ಇಂಗ್ಲಿಷ್ ಕವಿಯ ಪುಸ್ತಕ ಇತ್ತಂತೆ. ವೇಲ್ಸಿನಲ್ಲಿ ಅಲೆದು, ಲಂಡನ್ನಿನಲ್ಲಿ ಹಸಿವಿನಿಂದ ಕಂಗೆಟ್ಟು, ಕೊನೆಗೆ ಮನೆಯವರೊಂದಿಗೆ ರಾಜಿಯಾಗಿ 1803ರ ವಸಂತದಲ್ಲಿ ಲಿವರ್‌ಪೂಲಿನ ಬಳಿಯ ಎವರ್ಟನ್‌ನಲ್ಲಿ ಬಿಡಾರ ಹೂಡಿದ್ದ. ಆಗ ಅವನು ಬರೆದ ದಿನಚರಿ ಉಳಿದುಬಂದಿದೆ. ಓದಿದ ಪುಸ್ತಕ, ತಿರುಗಾಟ, ಬರೆಯಬೇಕೆಂದುಕೊಂಡ ಕೃತಿಗಳ ನಡುವೆ ಅದರಲ್ಲಿ ವರ್ಡ್ಸ್‌ವರ್ತನಿಗೆ ಬರೆಯಬೇಕಾದ ಪತ್ರದ ಕರಡೂ ಇದೆ. ಕರಡು ಬರೆದ ಮೇಲೂ ಹುಡುಗನಿಗೆ ಧೈರ್ಯ ಬರಲು ವಾರಗಳೇ ಹಿಡಿದವು. ಮೇ 31ರಂದು ಪತ್ರ ಹೊರಟಿತು. ವಿಳಾಸ ಗೊತ್ತಿಲ್ಲದ್ದರಿಂದ ಪ್ರಕಾಶಕರ ಮೂಲಕ ಕಳಿಸಿದ್ದ. ಅಲ್ಲಿ ತಡವಾಗಿ, ಅದು ಕವಿಯ ಕೈಸೇರುವ ಹೊತ್ತಿಗೆ ಜುಲೈ ಮುಗಿಯುತ್ತಾ ಬಂದಿತ್ತು. ಹುಡುಗ ಕೇಳಿದ್ದು ಕವಿಯ ಸ್ನೇಹವನ್ನು. ವರ್ಡ್ಸ್‌ವರ್ತ್ ಮೃದುವಾಗಿಯೇ ಎಚ್ಚರಿಸಿದ: ಸ್ನೇಹ ಕೇಳಿದಾಗ ಕೊಡುವಂಥದಲ್ಲ, ಕಾಲ ಸಂದರ್ಭ ಕೂಡಿಬಂದಾಗ ತಾನಾಗಿ ಬೆಳೆಯುವಂಥದು. ಈ ಕಡೆ ಬಂದರೆ ನೋಡಲು ಸಂತೋಷ ಎಂದೂ ಸೇರಿಸಿದ.

ಕರೆ ಸಿಕ್ಕಿತು, ಕಾಲು ಮುಂದೆ ಹೋಗಲಿಲ್ಲ. ಡಿ ಕ್ವಿನ್ಸಿ ಎರಡು ಸಲ ಕವಿ ಇದ್ದ ಸರೋವರಗಳ ಸೀಮೆಗೆ ಹೊರಟು ನಡುದಾರಿಯಿಂದ ವಾಪಸಾದ. ಎರಡನೆಯ ಸಲವಂತೂ ಗುಡ್ಡದ ಮೇಲಿಂದ ಗ್ರಾಸ್ಮಿಯರ್ ಕಣಿವೆಯೂ ಕವಿಯ ಬಿಳಿಯ ಮನೆಯೂ ಕಂಡವು, ಕಂಡೊಡನೆ ಹಿಂತಿರುಗಿದ. ಕೊನೆಗೆ 1807ರ ನವೆಂಬರಿನಲ್ಲಿ ಕೋಲ್ರಿಜ್ ಕವಿಯ ಹೆಂಡತಿ ಮಕ್ಕಳನ್ನು ಊರಿಗೆ ತಲುಪಿಸುವ ನೆಪ ಸಿಕ್ಕಿ, ಆ ಮನೆಯ ಹೊಸ್ತಿಲು ದಾಟಿದ. ಎರಡು ವರ್ಷಗಳ ಮೇಲೆ, ವರ್ಡ್ಸ್‌ವರ್ತ್ ಕುಟುಂಬ ಬೇರೆ ಮನೆಗೆ ಹೋಗಿದ್ದಾಗ, ಅದೇ ಮನೆಯನ್ನು ಬಾಡಿಗೆಗೆ ಹಿಡಿದು ಅಲ್ಲೇ ನೆಲೆಸಿದ. ಪದ್ಯಗಳ ಮೇಲಿನ ಪ್ರೀತಿ ಒಬ್ಬನ ವಿಳಾಸವನ್ನೇ ಬದಲಿಸಿದ ಉದಾಹರಣೆ ಇದು.

ವರ್ಡ್ಸ್‌ವರ್ತನ ಓದುಗರು ಒಬ್ಬೊಬ್ಬರಾಗಿ ಬಂದರೆ ಬೈರನ್ನನ ಓದುಗರು ದಂಡುಗಟ್ಟಿ ಬಂದರು. 1812ರ ಮಾರ್ಚ್ 10ರಂದು ‘ಚೈಲ್ಡ್ ಹೆರಾಲ್ಡ್’ ಹೊರಬಂತು. 500 ಪ್ರತಿಗಳು ಮೂರು ದಿನದಲ್ಲಿ ಖರ್ಚಾದವು. 1814ರ ಫೆಬ್ರವರಿ 1ರಂದು ‘ದಿ ಕೋರ್ಸೇರ್’ ಬಂದಾಗ ಒಂದೇ ದಿನಕ್ಕೆ 10,000 ಪ್ರತಿಗಳು ಮಾರಿಹೋದವು. ಬೆನ್ನಿಗೇ ಪತ್ರಗಳು. ಬರೆದವರಲ್ಲಿ ಹೆಂಗಸರೇ ಹೆಚ್ಚು, ಹಲವರು ಹೆಸರು ಮರೆಮಾಡಿದವರು. ಹಸ್ತಾಕ್ಷರ ಬೇಕು, ಒಂದು ಎಳೆ ತಲೆಗೂದಲು ಬೇಕು ಎಂದವರಿದ್ದರು. ಅವನದೇ ಧಾಟಿಯಲ್ಲಿ ಪದ್ಯ ಹೊಸೆದು ಕಳಿಸಿದವರಿದ್ದರು. ಕಾವ್ಯದ ನಾಯಕನ ನೋವೆಲ್ಲ ಕವಿಯದೇ ನೋವು ಎಂದು ನಂಬಿ, ಅವನನ್ನು ಸಂತೈಸಲು ಹೊರಟವರಿದ್ದರು. ಬೈರನ್ ಇಂಥ ಪತ್ರಗಳನ್ನು ಜೋಪಾನ ಮಾಡಿದ. ಅವನ ಪ್ರಕಾಶಕ ಜಾನ್ ಮರ್ರೇಯ ದಾಖಲೆಗಳ ಜೊತೆಗೆ ಅವು ಈಗ ಎಡಿನ್‌ಬರೋದ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಬೈರನ್ ಸತ್ತ ಸುದ್ದಿ ಲಂಡನ್ ಮುಟ್ಟಿದ ಮೂರನೆಯ ದಿನ, 1824ರ ಮೇ 17ರಂದು, ಅವನ ಆತ್ಮಕಥೆಯ ಹಸ್ತಪ್ರತಿಯನ್ನು ಸ್ನೇಹಿತರು ಅದೇ ಮರ್ರೇಯ ಮನೆಯ ಒಲೆಗೆ ಹಾಕಿ ಸುಟ್ಟರು. ಕವಿ ತನ್ನ ಬಗ್ಗೆ ಬರೆದದ್ದು ಬೂದಿಯಾಯಿತು. ಓದುಗರು ಅವನಿಗೆ ಬರೆದದ್ದು ಉಳಿಯಿತು.

ಎಲ್ಲರೂ ಮರುಳಾದವರಲ್ಲ. ಅನಬೆಲಾ ಮಿಲ್‌ಬ್ಯಾಂಕ್ ಎಂಬ ತರುಣಿ 1812ರ ಮಾರ್ಚಿನಲ್ಲಿ ‘ಚೈಲ್ಡ್ ಹೆರಾಲ್ಡ್’ ಓದಿ ದಿನಚರಿಯಲ್ಲಿ ತೂಕದ ಮಾತು ಬರೆದಳು: ಆಳವಾದ ಭಾವವನ್ನು ಚಿತ್ರಿಸುವುದರಲ್ಲಿ ಈತ ಗಟ್ಟಿಗ, ಆದರೆ ಶೈಲಿಯಲ್ಲಿ ಕೃತಕತೆ ಹೆಚ್ಚು. ಇಷ್ಟು ತಣ್ಣಗೆ ಓದಿದವಳೇ 1815ರ ಜನವರಿಯಲ್ಲಿ ಬೈರನ್ನನ ಕೈಹಿಡಿದಳು. ವರ್ಷ ತುಂಬುವ ಹೊತ್ತಿಗೆ ದಾಂಪತ್ಯ ಮುರಿದುಬಿತ್ತು.

ಬೈರನ್ನನಿಗೆ ಬಂದ ಪತ್ರಗಳಲ್ಲಿ ಒಂದಂತೂ ಬೇರೆಯೇ ಜಾತಿಯದು. 1821ರ ನವೆಂಬರಿನಲ್ಲಿ ಜಾನ್ ಶೆಪರ್ಡ್ ಎಂಬ ದೈವಭಕ್ತ ಗೃಹಸ್ಥ ಇಂಗ್ಲೆಂಡಿನಿಂದ ಇಟಲಿಗೆ ಬರೆದ ಕಾಗದ ಅದು. ಅವನ ಹೆಂಡತಿ ತೀರಿಕೊಂಡಿದ್ದಳು. ಅವಳ ಖಾಸಗಿ ಕಾಗದಗಳಲ್ಲಿ ಒಂದು ಪ್ರಾರ್ಥನೆ ಸಿಕ್ಕಿತು. ಮಹಾಪ್ರತಿಭೆಯುಳ್ಳ, ಆದರೆ ದಾರಿ ತಪ್ಪಿರುವ ಒಬ್ಬನನ್ನು ಒಳ್ಳೆಯ ಹಾದಿಗೆ ತಾ ಎಂದು ದೇವರಲ್ಲಿ ಮೊರೆಯಿಟ್ಟ ಪ್ರಾರ್ಥನೆ. ಹೆಸರು ಇರಲಿಲ್ಲ, ಅದು ಬೈರನ್ನನ ಬಗ್ಗೆಯೇ ಎಂಬುದು ಗಂಡನಿಗೆ ತಿಳಿದಿತ್ತು. ಅದನ್ನು ನಕಲು ಮಾಡಿ ಕಳಿಸಿದ. ಧರ್ಮೋಪದೇಶ ಕಂಡರೆ ಸಿಡಿಯುತ್ತಿದ್ದ ಕವಿ ಪೀಸಾದಿಂದ ಡಿಸೆಂಬರ್ 8ರಂದು ವಿನಯದಿಂದ ಉತ್ತರ ಬರೆದ. ಹೋಮರ್, ಸೀಸರ್, ನೆಪೋಲಿಯನ್ ಮೂವರ ಕೀರ್ತಿಯನ್ನು ಒಟ್ಟುಮಾಡಿ ಕೊಟ್ಟರೂ ಈ ಪ್ರಾರ್ಥನೆಯನ್ನು ಬಿಟ್ಟುಕೊಡೆನು ಎಂಬುದು ಅದರ ಸಾರ. ಯಾರಿಗೂ ತೋರಿಸದೆ ಬರೆದಿಟ್ಟದ್ದರಿಂದಲೇ ಆ ಹೆಂಗಸಿನ ಮಾತಿಗೆ ಅಷ್ಟು ಬಲ ಬಂತು ಎನ್ನಬೇಕು. ಕವಿಯ ಗಮನ ಸೆಳೆಯಲು ಬರೆದ ನೂರು ಪತ್ರಗಳಿಗೆ ಸಿಗದ ಉತ್ತರ ಅದಕ್ಕೆ ಸಿಕ್ಕಿತು.

1824ರ ಏಪ್ರಿಲ್ 19ರಂದು ಗ್ರೀಸಿನ ಮಿಸೊಲೊಂಗಿಯಲ್ಲಿ ಬೈರನ್ 36ನೆಯ ವಯಸ್ಸಿಗೆ ತೀರಿಕೊಂಡ. ಸುದ್ದಿ ಮೇ ತಿಂಗಳಲ್ಲಿ ಬ್ರಿಟನ್ನಿಗೆ ಬಂತು. ಸ್ಕಾಟ್ಲೆಂಡಿನಲ್ಲಿದ್ದ ಜೇನ್ ವೆಲ್ಶ್ ಎಂಬ ತರುಣಿ ಅದನ್ನು ಕೇಳಿದ್ದು ಜನ ತುಂಬಿದ್ದ ಕೋಣೆಯೊಂದರಲ್ಲಿ. ಸೂರ್ಯನೋ ಚಂದ್ರನೋ ಆಕಾಶದಿಂದ ಮಾಯವಾದನೆಂದಿದ್ದರೂ ಸೃಷ್ಟಿ ಇಷ್ಟು ಬರಿದಾದಂತೆ ಅನ್ನಿಸುತ್ತಿರಲಿಲ್ಲ ಎಂದು ಗೆಳೆಯ ಥಾಮಸ್ ಕಾರ್ಲೈಲನಿಗೆ ಬರೆದಳು. ಅತ್ತ ಕಾರ್ಲೈಲ್ ಕೂಡ ಅದೇ ದುಃಖವನ್ನು ಅವಳಿಗೆ ಬರೆದಿದ್ದ. ಎರಡು ವರ್ಷದ ನಂತರ ಇಬ್ಬರಿಗೂ ಮದುವೆಯಾಯಿತು. ಲಿಂಕನ್‌ಷೈರಿನಲ್ಲಿ 14 ವರ್ಷದ ಹುಡುಗನೊಬ್ಬ ಮನೆಯಿಂದ ಹೊರಗೋಡಿ, ಬೈರನ್ ಸತ್ತ ಎಂದು ಮರಳುಗಲ್ಲಿನ ಮೇಲೆ ಕೆತ್ತಿದ. ಆ ಹುಡುಗ ಆಲ್ಫ್ರೆಡ್ ಟೆನಿಸನ್.

ಜುಲೈ 12ರಂದು ಶವಯಾತ್ರೆ ಲಂಡನ್ನಿನ ಬೀದಿಗಳಲ್ಲಿ ಹೊರಟಾಗ ಅದನ್ನು ನೋಡುತ್ತ ನಿಂತವರಲ್ಲಿ ಕವಿ ಜಾನ್ ಕ್ಲೇರ್ ಇದ್ದ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ನಿಟ್ಟುಸಿರು ಬಿಟ್ಟು ಅಯ್ಯೋ ಪಾಪ ಎಂದದ್ದನ್ನು ಅವನು ಬರೆದಿಟ್ಟಿದ್ದಾನೆ. ದೊಡ್ಡವರ ಸಾರೋಟುಗಳಿಗಿಂತ ಬೀದಿಬದಿಯ ಸಾಮಾನ್ಯ ಜನರ ಆ ಮರುಕವೇ ಅವನಿಗೆ ದೊಡ್ಡದಾಗಿ ಕಂಡಿತು. ಕ್ಲೇರ್ ಹಾಗೆ ಕಂಡದ್ದಕ್ಕೆ ಕಾರಣವಿದೆ. ಅವನು ಹೆಲ್ಪ್‌ಸ್ಟನ್ ಹಳ್ಳಿಯ ಕೂಲಿಕಾರರ ಮಗ. ಸುಮಾರು 13ನೆಯ ವಯಸ್ಸಿನಲ್ಲಿ ನೇಕಾರನೊಬ್ಬನ ಬಳಿ ಜೇಮ್ಸ್ ಥಾಮ್ಸನ್‌ನ ‘ದಿ ಸೀಸನ್ಸ್’ ಕಾವ್ಯದ ಹರಿದ ಪ್ರತಿ ನೋಡಿ ಅವನಿಗೆ ಮೈಯೆಲ್ಲ ಪುಳಕವಾಯಿತು. ಅಪ್ಪನನ್ನು ಕಾಡಿಬೇಡಿ ದುಡ್ಡು ಹೊಂದಿಸಿಕೊಂಡ. ಕುದುರೆ ಕಾಯುವ ಕೆಲಸವನ್ನು ಇನ್ನೊಬ್ಬ ಹುಡುಗನಿಗೆ ಒಂದು ಪೆನ್ನಿ ಕೊಟ್ಟು ಒಪ್ಪಿಸಿ, ಗುಟ್ಟು ಬಿಡದಿರಲು ಇನ್ನೊಂದು ಪೆನ್ನಿ ಕೊಟ್ಟು, ಸ್ಟ್ಯಾಮ್‌ಫರ್ಡ್ ಪೇಟೆಗೆ ನಡೆದ. ತಲುಪಿದಾಗ ಅಂಗಡಿಗಳಿನ್ನೂ ಬಾಗಿಲು ತೆಗೆದಿರಲಿಲ್ಲ. ಪುಸ್ತಕ ಕೈಗೆ ಬಂದ ಮೇಲೆ ಕೆಲಸದ ದಿನ ದಾರಿಯಲ್ಲಿ ಓದುತ್ತ ಹೋಗುವುದನ್ನು ಯಾರಾದರೂ ಕಂಡಾರೆಂಬ ಅಳುಕು. ಶ್ರೀಮಂತರ ಬರ್ಲಿ ಉದ್ಯಾನದ ಗೋಡೆ ಹಾರಿ ಒಳಗೆ ಹುಲ್ಲಿನ ಮೇಲೆ ಕೂತು ಓದಿದ. ತಾನು ಕಾಗದದ ಮೇಲೆ ಇಳಿಸಿದ ಮೊದಲ ಪದ್ಯ ಅಂದು ಹುಟ್ಟಿದ್ದು ಎಂದು ಮುಂದೆ ನೆನೆದಿದ್ದಾನೆ. ಕಾವ್ಯದ ಓದು ಕೂಲಿಯ ಹುಡುಗನಿಗೆ ಕದ್ದು ಮಾಡಬೇಕಾದ ಕೆಲಸವಾಗಿತ್ತು ಎಂಬ ಸಂಗತಿ ಯಾವ ವಿಮರ್ಶೆಯಲ್ಲೂ ಸಿಗುವುದಿಲ್ಲ.

ಬಂಡೆಯ ಮೇಲೆ ಬೈರನ್ನನ ಹೆಸರು ಕೆತ್ತಿದ ಟೆನಿಸನ್ ಬೆಳೆದು ಆಸ್ಥಾನಕವಿಯಾದ. 1833ರಲ್ಲಿ ತೀರಿಕೊಂಡ ಗೆಳೆಯ ಆರ್ಥರ್ ಹ್ಯಾಲಮ್‌ನನ್ನು ನೆನೆದು ಅವನು ಬರೆದ ‘ಇನ್ ಮೆಮೋರಿಯಮ್’ 1850ರಲ್ಲಿ ಕವಿಯ ಹೆಸರಿಲ್ಲದೆ ಪ್ರಕಟವಾಯಿತು. ಇದನ್ನು ಬರೆದವಳು ಯಾರೋ ಸೇನಾಧಿಕಾರಿಯ ವಿಧವೆ ಇರಬೇಕು ಎಂದು ಒಬ್ಬ ವಿಮರ್ಶಕ ಊಹಿಸಿದ. ಊಹೆ ತಪ್ಪು. ಆದರೆ ಹನ್ನೊಂದು ವರ್ಷಗಳ ಮೇಲೆ ನಿಜಕ್ಕೂ ವಿಧವೆಯೊಬ್ಬಳು ಆ ಕಾವ್ಯವನ್ನು ತನ್ನದಾಗಿಸಿಕೊಂಡಳು. 1861ರ ಡಿಸೆಂಬರ್ 14ರಂದು ಗಂಡ ಆಲ್ಬರ್ಟ್‌ನನ್ನು ಕಳೆದುಕೊಂಡ ರಾಣಿ ವಿಕ್ಟೋರಿಯಾ, ಮುಂದಿನ ತಿಂಗಳೇ ಈ ಕಾವ್ಯ ತನಗೆ ಸಮಾಧಾನ ಕೊಡುತ್ತಿದೆಯೆಂದು ದಿನಚರಿಯಲ್ಲಿ ಬರೆದಳು. ತನ್ನ ಪ್ರತಿಯಲ್ಲಿ ಗುರುತು ಹಾಕಿದಳು. ಹೆಂಡತಿ ಸತ್ತವನ ಕಣ್ಣೀರು ಎಂದಿದ್ದ ಕಡೆ ಗಂಡ ಸತ್ತವಳ ಕಣ್ಣೀರು ಎಂದಾಗುವಂತೆ ಪದ ತಿದ್ದಿದಳು. ಆಸ್ಥಾನಕವಿಯ ಸಾಲನ್ನು ತಿದ್ದುವ ಈ ಸಲಿಗೆ ರಾಣಿಯದಲ್ಲ, ದುಃಖದಲ್ಲಿದ್ದ ಓದುಗಳದು. 1862ರ ಏಪ್ರಿಲ್‌ನಲ್ಲಿ ಟೆನಿಸನ್‌ನನ್ನು ಕರೆಸಿಕೊಂಡು, ಬೈಬಲ್ಲಿನ ನಂತರ ತನಗೆ ನೆಮ್ಮದಿ ಕೊಟ್ಟದ್ದು ಇದೇ ಎಂದಳು.

ಓದುಗರ ಪತ್ರಗಳಲ್ಲೆಲ್ಲ ಹೆಚ್ಚು ಹೆಸರಾದದ್ದು ರಾಬರ್ಟ್ ಬ್ರೌನಿಂಗ್ 1845ರ ಜನವರಿ 10ರಂದು ಎಲಿಜಬೆತ್ ಬ್ಯಾರೆಟ್‌ಗೆ ಬರೆದದ್ದು. ಅಲ್ಲಿಂದ 20 ತಿಂಗಳಲ್ಲಿ ಇಬ್ಬರ ನಡುವೆ 570ಕ್ಕೂ ಹೆಚ್ಚು ಪತ್ರಗಳು ಓಡಾಡಿ, ಮದುವೆಯಲ್ಲಿ ಮುಗಿದವು. ಬೇಕಾದಷ್ಟು ಬಾರಿ ಹೇಳಲಾಗಿರುವ ಕಥೆ ಅದು.

ಭಾರತಕ್ಕೆ ಸಂಬಂಧಿಸಿದ ಇನ್ನೊಂದು ಪತ್ರವನ್ನು ಇಲ್ಲಿ ನೆನೆಯಲೇಬೇಕು. 1920ರ ಆಗಸ್ಟ್ 1ರಂದು ಇಂಗ್ಲೆಂಡಿನ ಸೂಸನ್ ಓವೆನ್ ಎಂಬ ತಾಯಿ ರವೀಂದ್ರನಾಥ ಟ್ಯಾಗೋರರಿಗೆ ಬರೆದದ್ದು. ಅವಳ ಮಗ ವಿಲ್ಫ್ರೆಡ್ 1918ರಲ್ಲಿ ಕೊನೆಯ ಸಲ ಯುದ್ಧಭೂಮಿಗೆ ಹೊರಟ ದಿನ ಇಬ್ಬರೂ ಸಮುದ್ರದಾಚೆಯ ಫ್ರಾನ್ಸಿನ ಕಡೆ ನೋಡುತ್ತ ನಿಂತಿದ್ದರು. ಆಗ ಮಗ ಹೇಳಿದ ವಿದಾಯದ ಮಾತು ಇಂಗ್ಲಿಷ್ ‘ಗೀತಾಂಜಲಿ’ಯದು. ನವೆಂಬರ್ 4ರಂದು ಅವನು ಮಡಿದ. ತಂತಿ ಮನೆಗೆ ಬಂದದ್ದು ಯುದ್ಧ ನಿಂತ ನವೆಂಬರ್ 11ರಂದು. ಅವನ ಕಿಸೆಯ ಪುಸ್ತಕ ಮರಳಿ ಬಂದಾಗ ಅದೇ ಸಾಲು ಅವನ ಅಕ್ಷರದಲ್ಲಿತ್ತು, ಕೆಳಗೆ ಟ್ಯಾಗೋರರ ಹೆಸರಿತ್ತು. ಈ ಪದ್ಯ ಪೂರ್ತಿಯಾಗಿ ಯಾವ ಪುಸ್ತಕದಲ್ಲಿದೆ ಎಂದು ತಾಯಿ ಕೇಳಿದ್ದಳು. ಅದು ‘ಗೀತಾಂಜಲಿ’ಯ 96ನೆಯ ಗೀತೆ. ಅವಳ ಮಗನೂ ಕವಿಯೇ. ಯುದ್ಧಕವಿಗಳಲ್ಲಿ ಅಗ್ರಗಣ್ಯನೆಂದು ಲೋಕ ಇಂದು ಒಪ್ಪಿದವನು. ಆದರೆ ಅವನ ಕವನಗಳು ಪುಸ್ತಕವಾದದ್ದು 1920ರ ಡಿಸೆಂಬರಿನಲ್ಲಿ. ತಾಯಿ ಟ್ಯಾಗೋರರಿಗೆ ಬರೆಯುವಾಗ ಅವಳ ಕೈಯಲ್ಲಿ ಮಗನ ಸಂಕಲನ ಇರಲಿಲ್ಲ.

ಉಳಿದುಬಂದ ಡೈರಿ ಪತ್ರಗಳನ್ನು ಓದುವಾಗ ಕೆಲವು ಎಚ್ಚರಗಳೂ ಬೇಕು. ಬರೆಯಲು ಬಿಡುವು, ಕಾಗದ, ಅಕ್ಷರ ಇದ್ದವರ ಮಾತು ಮಾತ್ರ ಉಳಿದಿದೆ. ಕವಿಗೆ ಬರೆದ ಪತ್ರದಲ್ಲಿ ಓದುಗ ತನ್ನನ್ನು ತುಸು ಸಿಂಗರಿಸಿಕೊಳ್ಳುತ್ತಾನೆ. ವರ್ಷಗಳ ನಂತರ ಬರೆದ ನೆನಪಿನಲ್ಲಿ ಮೊದಲ ಓದಿಗೆ ಬಣ್ಣ ಏರುತ್ತದೆ. ಡಿ ಕ್ವಿನ್ಸಿಯ, ಕ್ಲೇರನ ನೆನಪುಗಳನ್ನು ಹಾಗೆ ಅಳೆದೇ ಓದಬೇಕು. ಅಂದಂದೇ ಬರೆದ ದಿನಚರಿ ಹೆಚ್ಚು ನಂಬಿಕೆಗೆ ಅರ್ಹ. ಅದೂ ನಕಲುಗಾರರ ಕೈಯಲ್ಲಿ ಸಿಕ್ಕಿ ಬದಲಾಗಬಹುದು: ವಿಕ್ಟೋರಿಯಾಳ ದಿನಚರಿಯ ಬಹುಭಾಗವನ್ನು ಮಗಳು ಬಿಯಾಟ್ರಿಸ್ ನಕಲು ಮಾಡಿ, ಮೂಲವನ್ನು ಸುಟ್ಟುಹಾಕಿದಳು.

ಇಂಥ ಚದುರಿದ ಸಾಕ್ಷಿಗಳನ್ನು ಒಟ್ಟುಗೂಡಿಸಲು ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ‘ಓದಿನ ಅನುಭವ’ಗಳ ದಾಖಲೆಯೊಂದನ್ನು ಆರಂಭಿಸಿತು. 1450ರಿಂದ 1945ರವರೆಗಿನ 30,000ಕ್ಕೂ ಹೆಚ್ಚು ನಮೂದುಗಳು ಅದರಲ್ಲಿವೆ. ಹಲವನ್ನು ತುಂಬಿಕೊಟ್ಟವರು ಸ್ವಯಂಸೇವಕರು. ನಮೂನೆಯ ಪ್ರಶ್ನೆಗಳು ಸರಳ: ಓದಿದವರು ಯಾರು, ವಯಸ್ಸೆಷ್ಟು, ಕಸುಬೇನು, ಎಲ್ಲಿ ಯಾವಾಗ ಓದಿದರು, ಗಟ್ಟಿಯಾಗಿಯೋ ಮನಸ್ಸಿನಲ್ಲೋ, ಒಬ್ಬರೇ ಕೂತೋ ಜೊತೆಯವರೊಡನೆಯೋ.

ಕನ್ನಡದಲ್ಲೂ ಇಂಥ ಸಾಮಗ್ರಿ ಇದೆ. ಕುವೆಂಪು ‘ನೆನಪಿನ ದೋಣಿಯಲ್ಲಿ’ ಬರೆಯುವಾಗ ತಮ್ಮ ವಿದ್ಯಾರ್ಥಿ ದಿನಗಳ ದಿನಚರಿಗಳನ್ನು ಬಳಸಿಕೊಂಡರು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂದ ಮೇಲೆ ಮದುವೆಯ ಉಡುಗೊರೆಯಾಗಿ ಮನೆಮನೆ ಸೇರಿತು. ಕೊಟ್ಟವರ ಹೆಸರು, ತಾರೀಖು, ಊರು ಬರೆದ ಮೊದಲ ಪುಟವಿರುವ ಹಳೆಯ ಪ್ರತಿಯಲ್ಲಿ ಆ ನಮೂನೆಯ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರವಿರುತ್ತದೆ. ಉಳಿದರ್ಧವನ್ನು ಮನೆಯ ಹಿರಿಯರನ್ನು ಕೇಳಿ ಈಗಲೇ ಬರೆದುಕೊಳ್ಳಬಹುದು.